ನೋಟೀಸಿನಲ್ಲಿ ಬರುವ ‘ಇವಿಕ್ಟ್’: ಪದದ ಮೂಲ, ಕಾನೂನಿನ ಅರ್ಥ, ದಿನದ ಲೆಕ್ಕ

ಕಾಸರಗೋಡಿನ ಉಪ್ಪಳದಲ್ಲೋ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಬಾಡಿಗೆ ಕೋಣೆ ಹಿಡಿದು ಅಂಗಡಿ ನಡೆಸುವವರಿಗೆ ವಕೀಲರ ನೋಟೀಸು ಬಂದರೆ ಅದು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಎರಡು ಪುಟದ ಒಕ್ಕಣೆ, ಕೊನೆಗೆ ಒಂದು ಸಾಲು: ಇಂತಿಷ್ಟು ದಿನದೊಳಗೆ ಬಾಕಿ ಕಟ್ಟದಿದ್ದರೆ ನಿಮ್ಮನ್ನು ‘ಇವಿಕ್ಟ್’ ಮಾಡಿಸಲು ಕ್ರಮ ಕೈಗೊಳ್ಳಲಾಗುವುದು. ಓದಿ ಹೇಳಲು ಕರೆದ ಹೈಸ್ಕೂಲು ಹುಡುಗ ‘ಹೊರಗೆ ಹಾಕ್ತಾರಂತೆ’ ಎಂದು ಅರ್ಥ ಹೇಳುತ್ತಾನೆ. ಕೈಯಲ್ಲಿರುವ ಸಣ್ಣ ನಿಘಂಟೂ ಅಷ್ಟನ್ನೇ ಹೇಳುತ್ತದೆ. ಕೇಳಿದವರಲ್ಲಿ ಕೆಲವರು ಹೆದರಿ ವಾರದೊಳಗೆ ಬೀಗದ ಕೈ ಒಪ್ಪಿಸುತ್ತಾರೆ. ಕೆಲವರು ಕಾಗದವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಸುಮ್ಮನಾಗುತ್ತಾರೆ. ಹೆದರಿದವರೂ ಉಡಾಫೆ ಮಾಡಿದವರೂ ಆ ಕ್ರಿಯಾಪದವನ್ನು ಅರ್ಧ ಮಾತ್ರ ಓದಿದ್ದಾರೆ. ಹೊರಹಾಕುವ ಅರ್ಥ ಅದಕ್ಕೆ ಆಮೇಲೆ ಬಂದು ಸೇರಿದ್ದು. ಮೊದಲಿನಿಂದ ಅದರೊಳಗೆ ಇದ್ದದ್ದು ಗೆಲುವು.

ಲ್ಯಾಟಿನಿನಲ್ಲಿ ‘ವಿಂಕೆರೆ’ ಎಂದರೆ ಗೆಲ್ಲು, ಜಯಿಸು. ಅದಕ್ಕೆ ಪೂರ್ತಿಯಾಗಿ, ಹೊರಗೆ ಎಂಬ ಅರ್ಥದ ‘ಎ’ ಸೇರಿದಾಗ ‘ಎವಿಂಕೆರೆ’. ಮೊದಲಿಗೆ ಪೂರ್ತಿ ಸೋಲಿಸು ಎಂದಿದ್ದದ್ದು, ರೋಮನ್ನರ ನ್ಯಾಯಾಲಯದ ಭಾಷೆಯಲ್ಲಿ ವ್ಯಾಜ್ಯ ಗೆದ್ದು ಸೊತ್ತನ್ನು ವಾಪಸು ಪಡೆ ಎಂದಾಯಿತು. ಅದರ ಭೂತಕೃದಂತ ‘ಎವಿಕ್ಟುಸ್’. ಇಂಗ್ಲಿಷಿಗೆ 15ನೇ ಶತಮಾನದಲ್ಲಿ ಬಂದ ‘ಇವಿಕ್ಟ್’ ಇದರದೇ ಮಗು. ವಿಕ್ಟರಿ, ವಿಕ್ಟರ್, ಕನ್ವಿಕ್ಟ್, ಕನ್ವಿನ್ಸ್, ಇನ್ವಿನ್ಸಿಬಲ್ ಎಲ್ಲ ಒಂದೇ ಕುಟುಂಬ. ಆರೋಪ ಸಾಬೀತಾಗಿ ಸೋತವನು ಕನ್ವಿಕ್ಟ್, ವಾದದಲ್ಲಿ ಸೋತು ಒಪ್ಪಿದವನು ಕನ್ವಿನ್ಸ್ ಆದವನು, ಸೊತ್ತಿನ ದಾವೆಯಲ್ಲಿ ಸೋತವನು ಇವಿಕ್ಟ್ ಆದವನು. ‘ಇವಿನ್ಸ್’ ಎಂಬ ಇನ್ನೊಂದು ಪದ ಬೇರೆ ಉಂಟು. ಅದೂ ‘ಎವಿಂಕೆರೆ’ಯಿಂದಲೇ ಬಂದದ್ದು, ಆದರೆ ಸಾಬೀತುಪಡಿಸು ಎನ್ನುವ ದಾರಿ ಹಿಡಿದು ಈಗ ತೋರಿಸು, ವ್ಯಕ್ತಪಡಿಸು ಎಂಬಲ್ಲಿಗೆ ಬಂದು ನಿಂತಿದೆ. ‘ವಿಕ್ಟಿಮ್’ ಮಾತ್ರ ಈ ಮನೆಯದಲ್ಲ. ಸದ್ದು ಹೋಲುತ್ತದೆ ಅಷ್ಟೆ. ಅದು ಬಲಿಪ್ರಾಣಿಗೆ ಇದ್ದ ‘ವಿಕ್ಟಿಮಾ’ ಎಂಬ ಬೇರೆ ಪದದಿಂದ ಹುಟ್ಟಿದ್ದು.

ರೋಮನ್ ಕಾನೂನಿನ ‘ಎವಿಕ್ಟಿಯೊ’ದಲ್ಲಿ ಬಾಡಿಗೆದಾರನ ಸುದ್ದಿಯೇ ಇಲ್ಲ. ಅದನ್ನು ನಮ್ಮ ನೆಲಕ್ಕೆ ಇಳಿಸಿ ಹೇಳುವುದಾದರೆ ಹೀಗೆ: ಒಬ್ಬರು ಮುಳ್ಳೇರಿಯದ ಹತ್ತಿರ 20 ಸೆಂಟ್ಸು ಜಾಗ ಕ್ರಯಕ್ಕೆ ತೆಗೆದುಕೊಂಡರು. ಎರಡು ವರ್ಷ ಕಳೆದು ಮೂರನೆಯವರೊಬ್ಬರು ಬಂದು, ಮಾರಿದವರಿಗೆ ಆ ಜಾಗದಲ್ಲಿ ಹಕ್ಕೇ ಇರಲಿಲ್ಲ, ಅದು ನಮ್ಮ ಪಾಲಿನದು ಎಂದು ದಾವೆ ಹೂಡಿ ಗೆದ್ದರು. ಕೊಂಡವರ ಕೈಯಿಂದ ಜಾಗ ಹೋಯಿತು. ಈ ಸ್ಥಿತಿಗೆ ರೋಮನ್ನರು ಎವಿಕ್ಟಿಯೊ ಎಂದರು, ಅದರ ನಷ್ಟ ತುಂಬಿಕೊಡುವ ಹೊಣೆಯನ್ನು ಮಾರಿದವನ ತಲೆಗೆ ಕಟ್ಟಿದರು. ಫ್ರೆಂಚ್ ಕಾನೂನಿನಲ್ಲಿ ಮಾರಾಟಗಾರ ಕೊಡಬೇಕಾದ ಈ ಭರವಸೆಗೆ ಇಂದಿಗೂ ಅದೇ ಪದ ಬಳಕೆಯಲ್ಲಿದೆ. ನಮ್ಮಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55(2)ನೇ ಕಲಂ ಇದೇ ಹೊಣೆಯನ್ನು ಹೊರಿಸುತ್ತದೆ: ಮಾರುವವನಿಗೆ ಮಾರುವ ಹಕ್ಕು ಇದೆ ಎಂದು ಪತ್ರದಲ್ಲಿ ಬರೆಯದಿದ್ದರೂ ಅದು ಬರೆದಂತೆಯೇ. ಅಲ್ಲಿ ‘ಇವಿಕ್ಷನ್’ ಎಂಬ ಹೆಸರಿಲ್ಲ, ತಿರುಳು ಮಾತ್ರ ಇದೆ.

ಇಂಗ್ಲಿಷಿನಲ್ಲಿಯೂ ಮೊದಲು ಇವಿಕ್ಟ್ ಆಗುತ್ತಿದ್ದದ್ದು ಜಮೀನು. ಜಮೀನನ್ನು ಇವಿಕ್ಟ್ ಮಾಡಿದರು ಎಂದರೆ ಕೋರ್ಟಿನಲ್ಲಿ ಗೆದ್ದು ಅದನ್ನು ಹಿಂದಕ್ಕೆ ಪಡೆದರು ಎಂದು. 16ನೇ ಶತಮಾನದಲ್ಲಿ ಕರ್ಮಪದ ಬದಲಾಯಿತು. ಸೊತ್ತು ವಾಪಸಾಗಬೇಕಾದರೆ ಅಲ್ಲಿ ಕುಳಿತವನು ಏಳಲೇಬೇಕಲ್ಲ. ಹಾಗೆ ಏಳಿಸುವುದಕ್ಕೇ ಅದೇ ಕ್ರಿಯಾಪದ ಅಂಟಿಕೊಂಡಿತು. ಈಗ ಮನುಷ್ಯರನ್ನು ಇವಿಕ್ಟ್ ಮಾಡುತ್ತಾರೆ, ಸೊತ್ತನ್ನಲ್ಲ. ಆದರೂ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ ಎನ್ನುವುದಕ್ಕೆ ನಮ್ಮ ಕೇರಳದ ಬಾಡಿಗೆ ಕಾಯಿದೆಯೇ ಸಾಕ್ಷಿ. 1965ರ ಕೇರಳ ಕಟ್ಟಡ (ಗೇಣಿ ಮತ್ತು ಬಾಡಿಗೆ ನಿಯಂತ್ರಣ) ಕಾಯಿದೆಯ 11ನೇ ಕಲಮಿನ ತಲೆಬರಹ ಬಾಡಿಗೆದಾರರ ‘ಇವಿಕ್ಷನ್’. ಒಳಗೆ ಕೋರ್ಟು ಕೊಡುವ ಆದೇಶ ಯಾವುದೆಂದು ನೋಡಿದರೆ, ಕಟ್ಟಡದ ಸ್ವಾಧೀನವನ್ನು ಮಾಲಕರಿಗೆ ಕೊಡತಕ್ಕದ್ದು ಎಂದು ಬಾಡಿಗೆದಾರರಿಗೆ ನಿರ್ದೇಶನ. ತಲೆಬರಹದಲ್ಲಿ ಹೊಸ ಅರ್ಥ, ಆದೇಶದಲ್ಲಿ ಐದು ಶತಮಾನ ಹಿಂದಿನ ಅರ್ಥ.

ಆ ಕಲಮಿನ ಮೊದಲ ಉಪಕಲಮನ್ನು ಬಾಯಿಪಾಠ ಮಾಡಿಕೊಂಡರೂ ನಷ್ಟವಿಲ್ಲ. ಕರಾರಿನಲ್ಲಿ ಏನೇ ಬರೆದಿರಲಿ, ಈ ಕಾಯಿದೆ ಹೇಳಿದ ರೀತಿಯಲ್ಲಿ ಅಲ್ಲದೆ ಬಾಡಿಗೆದಾರನನ್ನು ಇವಿಕ್ಟ್ ಮಾಡುವಂತಿಲ್ಲ. ಹನ್ನೊಂದು ತಿಂಗಳ ಬಾಡಿಗೆ ಚೀಟಿ ಮುಗಿದ ತಕ್ಷಣ ಹೊರಡಬೇಕು ಎಂದು ನಂಬಿದವರು ನಮ್ಮ ಕಡೆ ಬಹಳ. ಈ ಕಾಯಿದೆ ಜಾರಿಯಲ್ಲಿರುವ ಪ್ರದೇಶದ ಕಟ್ಟಡವಾದರೆ ಅವಧಿ ಮುಗಿದದ್ದು ಒಂದೇ ಕಾರಣವಾಗಿ ಸಾಲದು. ಕಾಯಿದೆಯಲ್ಲಿ ಹೇಳಿದ ಕಾರಣಗಳಲ್ಲಿ ಒಂದನ್ನಾದರೂ ಮಾಲಕರು ರೆಂಟ್ ಕಂಟ್ರೋಲ್ ಕೋರ್ಟಿನಲ್ಲಿ ಸಾಬೀತು ಮಾಡಬೇಕು.

ಬಾಡಿಗೆ ಬಾಕಿಯ ಕಾರಣವೇ ಹೆಚ್ಚು ಬರುವುದು, ಅದರಲ್ಲಿಯೇ ಜನ ಎಡವುವುದೂ ಹೆಚ್ಚು. ಒಂದು ಲೆಕ್ಕ ನೋಡೋಣ. ತಿಂಗಳಿಗೆ 6,000 ರೂಪಾಯಿ ಬಾಡಿಗೆ, ಮುಂದಿನ ತಿಂಗಳ 5ರೊಳಗೆ ಕೊಡಬೇಕೆಂದು ಕರಾರು. ಜೂನ್ ತಿಂಗಳ ಬಾಡಿಗೆಗೆ ಜುಲೈ 5 ಗಡುವು. ಅದರ ಮೇಲೆ ಕಾಯಿದೆ 15 ದಿನ ಕೊಡುತ್ತದೆ, ಅಂದರೆ ಜುಲೈ 20. ಕರಾರಿನಲ್ಲಿ ಗಡುವೇ ಇಲ್ಲದಿದ್ದರೆ ಜೂನಿನ ಬಾಡಿಗೆಗೆ ಜುಲೈ ತಿಂಗಳ ಕೊನೆಯ ದಿನದವರೆಗೆ ಸಮಯ. ಅಷ್ಟರಲ್ಲಿ ಕೊಡದಿದ್ದರೂ ಮಾಲಕರು ನೇರ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ರಿಜಿಸ್ಟರ್ಡ್ ನೋಟೀಸು ಕಳುಹಿಸಬೇಕು. ಅದು ಕೈಸೇರಿದ ದಿನದಿಂದ 15 ದಿನದೊಳಗೆ ಬಾಕಿ, ಅದರ ಮೇಲೆ ವರ್ಷಕ್ಕೆ ಶೇಕಡಾ 6ರ ಬಡ್ಡಿ, ಜೊತೆಗೆ ನೋಟೀಸು ಕಳುಹಿಸಿದ ಅಂಚೆ ಖರ್ಚು, ಮೂರನ್ನೂ ಕೊಟ್ಟರೆ ಆ ಕಾರಣದ ಮೇಲೆ ಅರ್ಜಿ ಹಾಕಲು ದಾರಿಯೇ ಇರುವುದಿಲ್ಲ. 6,000ಕ್ಕೆ ಬಡ್ಡಿ ತಿಂಗಳಿಗೆ 30 ರೂಪಾಯಿ. ಬಾಡಿಗೆಯನ್ನು ಇಡಿಯಾಗಿ ಕೊಟ್ಟು ಈ 30 ರೂಪಾಯಿಯನ್ನೂ ಅಂಚೆ ಖರ್ಚನ್ನೂ ಬಿಟ್ಟವರು, ಇಷ್ಟು ಚಿಲ್ಲರೆಗೆ ಯಾರು ಕೇಳುತ್ತಾರೆ ಎಂದುಕೊಂಡಿರುತ್ತಾರೆ. ಎದುರು ಪಾರ್ಟಿಯ ವಕೀಲರು ಕೇಳುತ್ತಾರೆ.

ಇನ್ನೊಂದು ಉಪಾಯ ಮಾಡುವವರೂ ಇದ್ದಾರೆ. ಪೋಸ್ಟ್‌ಮ್ಯಾನ್ ಬಂದಾಗ ಸಹಿ ಹಾಕದೆ, ನೋಟೀಸು ನನಗೆ ಬಂದೇ ಇಲ್ಲ ಎನ್ನುವುದು. ಕಾಯಿದೆ ಅದನ್ನೂ ಯೋಚಿಸಿಯೇ ಬರೆದಿದೆ: 15 ದಿನ ಎಣಿಸುವುದು ಪಡೆದ ದಿನದಿಂದ, ಇಲ್ಲವೇ ನಿರಾಕರಿಸಿದ ದಿನದಿಂದ. ಸಹಿ ಹಾಕದವನಿಗೆ ದಿನ ಓಡುತ್ತದೆ, ಒಳಗೆ ಏನು ಬರೆದಿದೆ ಎಂಬುದು ಮಾತ್ರ ತಿಳಿಯುವುದಿಲ್ಲ. ಕೈಯಲ್ಲಿ ನಗದು ಕೊಟ್ಟು ರಶೀದಿ ಕೇಳಲು ಸಂಕೋಚಪಡುವುದೂ ಅಷ್ಟೇ ಅಪಾಯ. ಮಾಲಕರು ಹಣ ತೆಗೆದುಕೊಳ್ಳಲು ಒಪ್ಪದಿದ್ದರೆ ಅವರ ಬ್ಯಾಂಕ್ ಖಾತೆಗೆ ಹಾಕಿ, ಹಾಕಿದ್ದೇನೆಂದು ಉತ್ತರ ನೋಟೀಸಿನಲ್ಲಿ ದಿನಾಂಕ ಸಮೇತ ಬರೆಸಬೇಕು.

ಬಾಕಿಯ ಕಾರಣಕ್ಕೆ ಆದೇಶ ಆಗಿಯೇ ಹೋಯಿತು ಎನ್ನಿ. ಆಗಲೂ ಒಂದು ತಿಂಗಳು ಅದನ್ನು ಜಾರಿ ಮಾಡುವಂತಿಲ್ಲ. ಕೋರ್ಟು ಬೇಕಾದರೆ ಇನ್ನೂ ಸಮಯ ಕೊಡಬಹುದು. ಅಷ್ಟರೊಳಗೆ ಬಾಕಿ, ಬಡ್ಡಿ, ಕೋರ್ಟು ಖರ್ಚು ಠೇವಣಿ ಇಟ್ಟರೆ ಕೋರ್ಟು ಆ ಆದೇಶವನ್ನು ‘ವೆಕೇಟ್’ ಮಾಡತಕ್ಕದ್ದು. ಇಲ್ಲಿ ವೆಕೇಟ್ ಆಗುವುದು ಅಂಗಡಿಯಲ್ಲ, ಆದೇಶ. ತೀರ್ಪಿನ ಪ್ರತಿಯಲ್ಲಿ ‘ವೆಕೇಟೆಡ್’ ಎಂದು ಕಂಡು, ಖಾಲಿ ಮಾಡಲು ಹೇಳಿದ್ದಾರೆಂದು ಗಾಬರಿಯಾಗುವುದು ಇದರಿಂದಲೇ. ಬರಿದಾಗಿರು ಎಂಬ ಅರ್ಥದ ‘ವಕಾರೆ’ ಅದರ ಮೂಲ. ವೇಕೆನ್ಸಿ, ವೆಕೇಶನ್ ಕೂಡ ಅಲ್ಲಿಯವೇ. ಕೋಣೆಯನ್ನು ಬರಿದು ಮಾಡಿದರೂ ವೆಕೇಟ್, ಆದೇಶವನ್ನು ಬರಿದು ಮಾಡಿದರೂ ವೆಕೇಟ್.

ಉಳಿದ ಕಾರಣಗಳಿಗೆ ಇಷ್ಟು ವಿಸ್ತಾರ ಬೇಡ. ಮಾಲಕರಿಗೋ ಅವರನ್ನು ಅವಲಂಬಿಸಿದ ಕುಟುಂಬದವರಿಗೋ ಕಟ್ಟಡ ನಿಜವಾಗಿಯೂ ಬೇಕಾಗಿರುವುದು ಒಂದು. ಅದಕ್ಕೆ ಎರಡು ತಡೆ ಉಂಟು. ಅದೇ ಊರಿನಲ್ಲಿ ಮಾಲಕರ ಸ್ವಾಧೀನದಲ್ಲಿ ಬೇರೆ ಕಟ್ಟಡ ಇದ್ದರೆ ವಿಶೇಷ ಕಾರಣ ತೋರಿಸಬೇಕು. ಬಾಡಿಗೆದಾರನ ಜೀವನೋಪಾಯ ಮುಖ್ಯವಾಗಿ ಆ ಅಂಗಡಿಯ ವ್ಯಾಪಾರದ ಮೇಲೆಯೇ ನಿಂತಿದ್ದು ಆಸುಪಾಸಿನಲ್ಲಿ ಬೇರೆ ಸರಿಯಾದ ಕೋಣೆ ಸಿಗದಿದ್ದರೆ ಅವನಿಗೆ ರಕ್ಷಣೆ ಇದೆ. ಅನುಮತಿ ಇಲ್ಲದೆ ಒಳಬಾಡಿಗೆಗೆ ಕೊಟ್ಟದ್ದು, ಕಟ್ಟಡವನ್ನು ಶಾಶ್ವತವಾಗಿ ಹಾಳುಮಾಡುವ ಹಾಗೆ ಬಳಸಿದ್ದು, ಸಕಾರಣವಿಲ್ಲದೆ ಸತತ ಆರು ತಿಂಗಳು ಬಾಗಿಲು ಹಾಕಿಟ್ಟದ್ದು, ಕಟ್ಟಡ ಕೆಡವಿ ಹೊಸತು ಕಟ್ಟಲಿರುವುದು ಇವೆಲ್ಲ ಪಟ್ಟಿಯಲ್ಲಿವೆ. ಗಲ್ಫಿಗೆ ಹೋಗಿ ಬರುವವರೆಗೆ ಕೋಣೆ ಇರಲಿ ಎಂದು ಶಟರ್ ಎಳೆದು ಹೋಗುವವರು ಆ ಆರು ತಿಂಗಳ ಮಾತನ್ನು ನೆನಪಿಡಬೇಕು.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ‘ಒಕ್ಕಲೆಬ್ಬಿಸು’ ಇದಕ್ಕೆ ಸರಿಸಾಟಿಯೇ ಎಂದು ಕೇಳಿದರೆ, ಅರ್ಧ ಹೌದು ಎನ್ನಬೇಕು. ಕರಾವಳಿಯಲ್ಲಿ ಗೃಹಪ್ರವೇಶದ ಕಾಗದಕ್ಕೆ ‘ಮನೆ ಒಕ್ಕಲು’ ಎಂದು ಅಚ್ಚು ಹಾಕಿಸುತ್ತೇವೆ. ತುಳುವಿನಲ್ಲಿ ‘ಇಲ್ಲ್ ಒಕ್ಕೆಲ್’. ಒಂದು ಸಂಸಾರ ಒಂದು ಕಡೆ ಬೇರೂರಿ ಕೂರುವುದು ಒಕ್ಕಲು, ಧಣಿಯ ಭೂಮಿಯನ್ನು ಗೇಣಿಗೆ ಮಾಡುವವನೂ ಒಕ್ಕಲು. ಅವನನ್ನು ಎಬ್ಬಿಸುವುದು ಒಕ್ಕಲೆಬ್ಬಿಸುವುದು. ಪದದ ಒಳಗೆ ಮನೆ, ಒಲೆ, ಗೇಣಿ ಎಲ್ಲ ಇವೆ; ಕೋರ್ಟು ಮಾತ್ರ ಇಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲದಲ್ಲಿ ಕಾಸರಗೋಡಿನಲ್ಲಿ ಗೇಣಿ ಎರಡು ಬಗೆಯದ್ದು ಮುಖ್ಯ. ಮೂಲಗೇಣಿಯವನಿಗೆ ಶಾಶ್ವತ ಹಕ್ಕು, ಗೇಣಿಯೂ ನಿಶ್ಚಿತ. ಚಾಲಗೇಣಿಯವನದು ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಬದುಕು. ಒಕ್ಕಲೆಬ್ಬಿಸುವ ಮಾತು ಕತ್ತಿಯಂತೆ ತೂಗುತ್ತಿದ್ದದ್ದು ಚಾಲಗೇಣಿಯವನ ಮೇಲೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1957ರ ಏಪ್ರಿಲ್ 5ರಂದು ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ ಅಧಿಕಾರಕ್ಕೆ ಬಂತು. ಆರು ದಿನ ಕಳೆದು, ಏಪ್ರಿಲ್ 11ರಂದು, ಒಕ್ಕಲೆಬ್ಬಿಸುವ ಕ್ರಮಗಳಿಗೆಲ್ಲ ತಡೆ ಹಾಕುವ ಸುಗ್ರೀವಾಜ್ಞೆ ಹೊರಡಿಸಿತು. ಅದರ ಇಂಗ್ಲಿಷ್ ಹೆಸರಿನಲ್ಲಿಯೂ ಇದ್ದ ಪದ ‘ಇವಿಕ್ಷನ್’. ಭೂಸುಧಾರಣಾ ಕಾಯಿದೆಯಂತೆ 1970ರ ಜನವರಿ 1ರಿಂದ ಗೇಣಿದಾರರ ಭೂಮಿಯ ಮೇಲಿದ್ದ ಧಣಿಗಳ ಹಕ್ಕು ಸರಕಾರಕ್ಕೆ ಸೇರಿತು, ಅಲ್ಲಿಂದ ಒಕ್ಕಲುಗಳಿಗೆ ಬಂತು. ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಕಟ್ಟಿ ಕುಳಿತ ‘ಕುಡಿಕಿಡಪ್ಪು’ಕಾರರಿಗೆ ಪಂಚಾಯತಿನಲ್ಲಿ 10 ಸೆಂಟ್ಸು, ಸಣ್ಣ ಮುನಿಸಿಪಾಲಿಟಿಯಲ್ಲಿ 5, ನಗರ ಮತ್ತು ದೊಡ್ಡ ಮುನಿಸಿಪಾಲಿಟಿಯಲ್ಲಿ 3 ಸೆಂಟ್ಸು ಕೊಳ್ಳುವ ಹಕ್ಕು ಸಿಕ್ಕಿತು. ಹಾಗಾಗಿ ಇಂದು ಕಾಸರಗೋಡಿನಲ್ಲಿ ಇವಿಕ್ಷನ್ ಎಂದರೆ ಹೆಚ್ಚಾಗಿ ಪೇಟೆಯ ಕಟ್ಟಡದ ವಿಷಯ, ಗದ್ದೆ ತೋಟದ್ದಲ್ಲ.

ಐರ್ಲೆಂಡಿನಲ್ಲಿ ಇಂಥದ್ದೇ ಗೇಣಿ ಜಗಳದಿಂದ ಇಂಗ್ಲಿಷಿಗೆ ಒಂದು ಹೊಸ ಪದವೇ ಹುಟ್ಟಿತು. 1880ರಲ್ಲಿ ಮೇಯೋ ಪ್ರಾಂತದಲ್ಲಿ ಒಬ್ಬ ದೊಡ್ಡ ಜಮೀನುದಾರನ ಏಜೆಂಟನಾಗಿದ್ದ ಚಾರ್ಲ್ಸ್ ಬಾಯ್ಕಾಟ್ ಒಕ್ಕಲುಗಳನ್ನು ಎಬ್ಬಿಸಲು ಹೊರಟಾಗ ಊರಿಗೆ ಊರೇ ಅವನೊಂದಿಗೆ ಕೆಲಸ, ವ್ಯಾಪಾರ, ಮಾತು ಎಲ್ಲ ನಿಲ್ಲಿಸಿತು. ಅವನ ಹೆಸರೇ ಬಹಿಷ್ಕಾರಕ್ಕೆ ನಿಂತಿತು.

ನೋಟೀಸುಗಳಲ್ಲಿ ಇವಿಕ್ಟ್‌ನ ಅಕ್ಕಪಕ್ಕ ಬರುವ ಪದಗಳನ್ನೂ ನೋಡಬೇಕು, ಏಕೆಂದರೆ ಕನ್ನಡಕ್ಕೆ ತರುವಾಗ ಎಲ್ಲವೂ ‘ಹೊರಹಾಕು’ ಆಗಿಬಿಡುತ್ತವೆ. ‘ಇಜೆಕ್ಟ್’ನ ಬುಡದಲ್ಲಿರುವುದು ಎಸೆ ಎಂಬ ಅರ್ಥದ ‘ಯಾಕೆರೆ’. ಪೆನ್‌ಡ್ರೈವ್ ಇಜೆಕ್ಟ್ ಮಾಡುವುದೂ, ಯುದ್ಧವಿಮಾನದಿಂದ ಪೈಲಟ್ ಸೀಟು ಸಮೇತ ಚಿಮ್ಮುವುದೂ ಅದೇ. ಆದರೆ ‘ಇಜೆಕ್ಟ್‌ಮೆಂಟ್’ ಎಂದರೆ ಸ್ವಾಧೀನ ಕೇಳುವ ದಾವೆಯ ಹಳೆಯ ಹೆಸರು. ಇಂಗ್ಲೆಂಡಿನಲ್ಲಿ ಈ ದಾವೆಗೆ ಜಾನ್ ಡೋ, ರಿಚರ್ಡ್ ರೋ ಎಂಬ ಇಲ್ಲದ ಮನುಷ್ಯರನ್ನು ಸೃಷ್ಟಿಸಿ, ಒಬ್ಬ ಇನ್ನೊಬ್ಬನನ್ನು ಹೊರದಬ್ಬಿದ ಎಂದು ಕತೆ ಕಟ್ಟಿ ಹಕ್ಕಿನ ಪ್ರಶ್ನೆ ಎತ್ತುತ್ತಿದ್ದರು. 1852ರ ಕಾಯಿದೆ ಈ ನಾಟಕಕ್ಕೆ ಮಂಗಳ ಹಾಡಿತು. ನಮ್ಮ ಹಳೆ ತಲೆಮಾರಿನ ವಕೀಲರು ಈಗಲೂ ಇಜೆಕ್ಟ್‌ಮೆಂಟ್ ಸೂಟ್ ಎನ್ನುತ್ತಾರೆ.

‘ಔಸ್ಟ್’ ಫ್ರೆಂಚಿನ ದಾರಿಯಾಗಿ ಬಂದದ್ದು, ಮೂಲ ಲ್ಯಾಟಿನಿನ ‘ಓಬ್‌ಸ್ಟಾರೆ’, ಎದುರು ನಿಲ್ಲು. ಪತ್ರಿಕೆಯಲ್ಲಿ ಮಂತ್ರಿಯನ್ನೋ ಸರಕಾರವನ್ನೋ ಔಸ್ಟ್ ಮಾಡುತ್ತಾರೆ. ಸೊತ್ತಿನ ವ್ಯಾಜ್ಯದಲ್ಲಿ ‘ಔಸ್ಟರ್’ ಎಂದರೆ ಬೇರೆಯೇ ಗಾಂಭೀರ್ಯ: ಕೂಡುಸೊತ್ತಿನ ಒಬ್ಬ ಪಾಲುದಾರ ಇನ್ನೊಬ್ಬನ ಹಕ್ಕನ್ನೇ ಬಹಿರಂಗವಾಗಿ ನಿರಾಕರಿಸಿ ಅವನನ್ನು ಹೊರಗಿಡುವುದು. ತಮ್ಮ ಮುಂಬಯಿಗೆ ಹೋದ, ಅಣ್ಣ ಒಬ್ಬನೇ ತೋಟ ನೋಡಿಕೊಂಡ ಎಂದಮಾತ್ರಕ್ಕೆ ತಮ್ಮನ ಪಾಲು ಹೋಗುವುದಿಲ್ಲ, ಔಸ್ಟರ್ ಸಾಬೀತಾಗಬೇಕು. ಸುಪ್ರೀಂ ಕೋರ್ಟು 1956ರಲ್ಲೇ ಇದನ್ನು ಸ್ಪಷ್ಟ ಮಾಡಿದೆ. ‘ಎಕ್ಸ್‌ಪೆಲ್’ ಶಾಲೆಗೆ, ಪಕ್ಷಕ್ಕೆ, ಸಂಘಕ್ಕೆ ಸೇರಿದ್ದು, ಸದಸ್ಯತ್ವದಿಂದ ಅಟ್ಟುವುದು. ‘ಎಲಿಮಿನೇಟ್’ನಲ್ಲಿ ಹೊಸ್ತಿಲು ಎಂಬರ್ಥದ ‘ಲೀಮೆನ್’ ಇದೆ. ಮನೆಯ ಹೊಸ್ತಿಲಾಚೆ ದಬ್ಬು ಎಂಬುದು ಅದರ ಅಕ್ಷರಾರ್ಥ. ತಮಾಷೆ ಎಂದರೆ ಮನೆ ಇರುವ ಈ ಪದ ಕ್ರೀಡಾಕೂಟಕ್ಕೆ ಹೋಯಿತು, ಮನೆಯೇ ಇಲ್ಲದ ಇವಿಕ್ಟ್ ಬಾಡಿಗೆ ಮನೆಗೆ ಬಂತು. ‘ಕ್ವಿಟ್’ ನೋಟೀಸು ಇವಿಕ್ಷನ್ ಆದೇಶವಲ್ಲ, ಬಾಡಿಗೆ ಸಂಬಂಧ ಮುಗಿಯಿತೆಂದು ತಿಳಿಸುವ ಕಾಗದ. ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ, ತಿಂಗಳ ಬಾಡಿಗೆಗೆ 15 ದಿನ, ಕೃಷಿ ಅಥವಾ ತಯಾರಿಕೆಯ ಗೇಣಿಗೆ ಆರು ತಿಂಗಳು.

ಗಡಿನಾಡಿನ ನಮಗೆ ಮಲಯಾಳದಿಂದ ಇನ್ನೊಂದು ತೊಡಕು. ಅಲ್ಲಿ ‘ಒಳಿಪ್ಪಿಕ್ಕಲ್’ ಎಂಬ ಒಂದೇ ಪದ ಇವಿಕ್ಷನ್‌ಗೂ ಆಗುತ್ತದೆ, ನೆರೆ ಬಂದಾಗ ಜನರನ್ನು ಬೇರೆ ಕಡೆ ಸಾಗಿಸುವ ‘ಇವ್ಯಾಕ್ಯುಯೇಶನ್’ಗೂ ಆಗುತ್ತದೆ. ಮಧೂರಿನಲ್ಲಿ ಮಧುವಾಹಿನಿ ಉಕ್ಕಿದಾಗ, ಉಪ್ಪಳದ ಮೂಸೋಡಿಯಲ್ಲಿ ಕಡಲು ಕೊರೆದಾಗ ಮಲಯಾಳ ಪ್ರಕಟಣೆಯಲ್ಲಿ ಇರುವುದು ಈ ಪದವೇ. ಅವಸರದಲ್ಲಿ ಕನ್ನಡಕ್ಕೆ ತಂದವರು ‘ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು’ ಎಂದು ಬರೆದರೆ ಅರ್ಥ ತಲೆಕೆಳಗು. ಜೀವ ಉಳಿಸಲು ಕರೆದೊಯ್ದವರನ್ನು ‘ಸ್ಥಳಾಂತರಿಸಲಾಯಿತು’ ಎನ್ನಬೇಕು. ನೀರಿಳಿದ ಮೇಲೆ ಅವರು ಹಿಂದೆ ಬರುವವರು, ಹಕ್ಕು ಎಲ್ಲಿಯೂ ಹೋಗಿಲ್ಲ. ತಲಪಾಡಿಯಿಂದ ಈಚೆ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಜಾಗ ಬಿಟ್ಟವರದ್ದು ಇನ್ನೊಂದು ಬಗೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ 3ಇ ಕಲಮಿನಲ್ಲಿ ಇರುವ ಪದ ‘ಸರೆಂಡರ್’: ನೋಟೀಸು ಸಿಕ್ಕಿದ 60 ದಿನದೊಳಗೆ ಸ್ವಾಧೀನ ಬಿಟ್ಟುಕೊಡತಕ್ಕದ್ದು. ಅಷ್ಟರಲ್ಲಿ ಮಾಲಕತ್ವ ಆಗಲೇ ಕೇಂದ್ರ ಸರಕಾರಕ್ಕೆ ಹೋಗಿರುತ್ತದೆ. ಅಲ್ಲಿ ಉಳಿಯುವ ಜಗಳ ಪರಿಹಾರದ ಮೊತ್ತದ್ದು.

ಕೊನೆಗೆ, ನೋಟೀಸೂ ಇಲ್ಲದೆ ಕೋರ್ಟೂ ಇಲ್ಲದೆ, ಬೆಳಿಗ್ಗೆ ಬಂದು ನೋಡಿದರೆ ಶಟರಿಗೆ ಬೇರೆ ಬೀಗ. ಮಾತಿನಲ್ಲಿ ಇದನ್ನೂ ಜನ ಇವಿಕ್ಟ್ ಮಾಡಿದರು ಎನ್ನುತ್ತಾರೆ. ಗೆಲುವೇ ಇಲ್ಲದಲ್ಲಿ ಆ ಪದ ಸಲ್ಲದು. ಕಾನೂನು ಇದಕ್ಕೆ ಇಟ್ಟ ಹೆಸರು ‘ಡಿಸ್‌ಪೊಸೆಸ್’, ಅಂದರೆ ಸ್ವಾಧೀನ ತಪ್ಪಿಸುವುದು. ಗೇಣಿಯ ಅವಧಿ ಮುಗಿದವನನ್ನು ಸಹ ಬಲವಂತದಿಂದ ಎಬ್ಬಿಸಲು ಮಾಲಕನಿಗೆ ಅಧಿಕಾರವಿಲ್ಲ, ಕಾನೂನಿನ ಕ್ರಮದಲ್ಲಿಯೇ ಹೋಗಬೇಕು ಎಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿದೆ. ಬೀಗ ಹಾಕದೆ ಕರೆಂಟು, ನೀರು ತಪ್ಪಿಸಿ ತಾನಾಗಿ ಹೋಗುವ ಹಾಗೆ ಮಾಡುವುದಕ್ಕೆ ಬಾಡಿಗೆ ಕಾಯಿದೆಯ 13ನೇ ಕಲಂ ಅಡ್ಡ ಬರುತ್ತದೆ. ಬೀಗ ಬಿದ್ದವರಿಗೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಂ ಇದೆ. ಅದರಲ್ಲಿ ಜಾಗದ ಹಕ್ಕು ಯಾರದ್ದೆಂಬ ಪ್ರಶ್ನೆ ಏಳುವುದಿಲ್ಲ. ಸ್ವಾಧೀನ ತನ್ನಲ್ಲಿ ಇತ್ತು, ಒಪ್ಪಿಗೆ ಇಲ್ಲದೆ, ಕಾನೂನಿನ ಕ್ರಮ ಬಿಟ್ಟು ಅದನ್ನು ತಪ್ಪಿಸಿದರು ಎಂದಿಷ್ಟು ತೋರಿಸಿದರೆ ಸಾಕು. ಕರೆಂಟ್ ಬಿಲ್ಲು, ಪಂಚಾಯತ್ ಲೈಸನ್ಸು, ಬಾಡಿಗೆ ಕಳುಹಿಸಿದ ಬ್ಯಾಂಕ್ ದಾಖಲೆ, ಹೊಸ ಬೀಗದ ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತವೆ. ಸರಕಾರದ ವಿರುದ್ಧ ಈ ಕಲಮಿನ ದಾವೆ ನಡೆಯುವುದಿಲ್ಲ. ಖಾಸಗಿಯವರ ವಿರುದ್ಧವಾದರೆ ಸ್ವಾಧೀನ ತಪ್ಪಿದ ದಿನದಿಂದ ಆರು ತಿಂಗಳೊಳಗೆ ಹೂಡಬೇಕು, ತೀರ್ಪಿಗೆ ಅಪೀಲು ಇಲ್ಲ. ಊರಿನ ಹಿರಿಯರ ಮಾತುಕತೆ ನಡೆಯುತ್ತಿದೆ, ನೋಡೋಣ ಎಂದು ಕಾಯುವವರು ಕಳೆದುಕೊಳ್ಳುವುದು ಈ ಆರು ತಿಂಗಳನ್ನೇ.